ಅರಿಶಿನದ ಚೌಕಟ್ಟು

ಬುಕ್ಕಾಂಬುಧಿಯ ಈರಭದ್ರಪ್ಪನವರನ್ನು ನಾನು ಸಾಯಿಸಿದ್ದು ಒಂದು ಭಾನುವಾರ ಬೆಳಿಗ್ಗೆ. ಅವರ ಬೀಗರು ಶಿವನಿಯಿಂದ ಹಾರ ಹಿಡಿದುಕೊಂಡು ಬಂದು ಇಳಿದಾಗ ಈರಭದ್ರಪ್ಪನವರು ಜಗಲಿಯ ಮೇಲೆ ಕೂತು ಅವರೆಕಾಯಿ ಸುಲಿಯುತ್ತಿದ್ದರಂತೆ. ತಂದ ಹಾರವನ್ನು ವಾಪಸ್ ಒಯ್ಯುವುದು ಹೇಗೆ ಎಂಬ ಚಿಂತೆ ಬೀಗರಿಗೆ, ತನ್ನ ಸಾವಿಗೆ ಬಂದವರಿಗೆ ತಾನೇ ಕಾಫಿ ಕೊಡುವುದು ಹೇಗೆ ಎಂಬ ಚಿಂತೆ ಇವರಿಗೆ. ಕೊನೆಗೆ ಹಾರ ದೇವರ ಮನೆಗೆ ಹೋಯಿತು, ಬೀಗರು ಊಟಕ್ಕೆ ಕೂತರು. ಅವರೆಕಾಳಿನ ಸಾರು ಚೆನ್ನಾಗಿತ್ತಂತೆ.

ಇಷ್ಟೂ ಆದದ್ದು ಒಂದು ಕಪ್ಪು ಗೆರೆಯಿಂದ. ಆ ಗೆರೆ ಎಳೆದವಳು ನಾನು, ದೀಪಶ್ರೀ, ಕಡೂರಿನ ಒಂದು ಡಿಗ್ರಿ ಕಾಲೇಜಿನಲ್ಲಿ ಗಣಿತದ ಮೇಡಂ. ನನ್ನ ಮಾತು ಸ್ವಲ್ಪ ಜಾಸ್ತಿ, ಸಿಟ್ಟು ಅದಕ್ಕಿಂತ ಜಾಸ್ತಿ. ಹೊಟ್ಟೆಯಲ್ಲಿ ಏನೂ ಇಟ್ಟುಕೊಳ್ಳುವವಳಲ್ಲ ಎಂದು ತವರಿನವರು ಹೇಳುತ್ತಾರೆ. ಬಾಯಲ್ಲಿ ಏನೂ ನಿಲ್ಲುವುದಿಲ್ಲ ಎಂದು ಉಳಿದವರು ಹೇಳುತ್ತಾರೆ. ಎರಡೂ ಒಂದೇ.

ಗೆರೆ ಯಾಕೆ ಎಳೆದೆ ಎಂದು ಹೇಳಬೇಕಾದರೆ ಮೊದಲು ನನ್ನ ಅತ್ತೆಯ ವಿಷಯ ಹೇಳಬೇಕು. ಅತ್ತೆ ಕರಿಬಸಮ್ಮ ಅಜ್ಜಂಪುರದ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್ ಆಗಿದ್ದವರು. ಆಗ ಫೋನ್ ಎತ್ತಿದರೆ ಮೊದಲು ಸಿಗುತ್ತಿದ್ದವರು ಅತ್ತೆ. ಯಾರು ಬೇಕು ಎಂದು ಅವರಿಗೆ ಹೇಳಬೇಕು. ಅವರು ತಮ್ಮ ಮುಂದಿನ ಬೋರ್ಡಿನಲ್ಲಿ ಒಂದು ವೈರು ಎಳೆದು ಆ ಮನೆಯ ತೂತಿಗೆ ಸಿಕ್ಕಿಸಬೇಕು. ಆಮೇಲೆ 'ಮಾತಾಡಿ' ಅನ್ನಬೇಕು. ಅಜ್ಜಂಪುರದ ಸುತ್ತಲಿನ ಹೆರಿಗೆ, ಸಾವು, ಈರುಳ್ಳಿ ರೇಟು, ಹೆಣ್ಣು ಒಪ್ಪಿದ್ದು, ಗಂಡು ಒಲ್ಲೆ ಅಂದದ್ದು, ಎಲ್ಲವೂ ಅವರ ಕಿವಿಯ ಮೇಲೆಯೇ ಹಾದುಹೋಗಿದೆ. ಒಂದು ಮಾತೂ ಅವರ ಬಾಯಿಂದ ಆಚೆ ಬಂದದ್ದಿಲ್ಲ. ನಾನು ಎಷ್ಟು ಕೆಣಕಿದರೂ, "ಅದು ಅವ್ರವ್ರ ಮಾತು ಕಣೇ, ನಾನು ಬರೀ ತಂತಿ" ಅನ್ನುತ್ತಿದ್ದರು. ಎಕ್ಸ್‌ಚೇಂಜಿಗೆ ತಾನೇ ಲೈನು ಕೊಡುವ ಮಿಷನ್ ಬಂದ ಮೇಲೆ ಅವರನ್ನು ತರೀಕೆರೆಯ ಆಫೀಸಿಗೆ ಹಾಕಿದರು. ಅಲ್ಲಿಂದಲೇ ರಿಟೈರ್ ಆದರು.

ನಾನು ಈ ಮನೆಗೆ ಸೊಸೆಯಾಗಿ ಬಂದಾಗ ನನ್ನ ಪಿಎಚ್.ಡಿ. ಅರ್ಧಕ್ಕೆ ನಿಂತಿತ್ತು. ಮಗಳು ಹುಟ್ಟಿದ ಮೇಲೆ ಅದರ ಹೆಸರೆತ್ತುವುದನ್ನೂ ಬಿಟ್ಟಿದ್ದೆ. ಒಂದು ದಿನ ಅತ್ತೆ ಮಗುವನ್ನು ನನ್ನ ಕೈಯಿಂದ ತೆಗೆದುಕೊಂಡು, "ಹೋಗು, ಆ ಲೆಕ್ಕ ನೀನ್ ಮಾಡ್ಕೊ, ಈ ಲೆಕ್ಕ ನನಗ್ ಬಿಡು" ಅಂದರು. ಬಿಟ್ಟೆ. ಮಗುವಿನ ಎಣ್ಣೆನೀರು, ರಾಗಿ ಸರಿ, ಜ್ವರ, ಹಟ, ಎಲ್ಲ ಅವರದಾಯಿತು. ನಾನು ಕೋಣೆಯ ಬಾಗಿಲು ಹಾಕಿಕೊಂಡು ಥೀಸಿಸ್ ಬರೆದೆ. ಮುಗಿದ ದಿನ ಮೊದಲ ಪುಟದಲ್ಲಿ ಅವರ ಹೆಸರು ತೋರಿಸಿದರೆ, "ಇಂಗ್ಲಿಷ್‌ನಲ್ಲಿ ಹೊಗಳಿಸ್ಕಂಡ್ರೆ ಹೊಟ್ಟೆ ತುಂಬುತ್ತಾ, ಕಾಫಿ ಇಡು" ಅಂದರು. ಇವತ್ತು ನಾನು ಮೇಡಂ ಅನ್ನಿಸಿಕೊಳ್ಳುವುದು ಅವರಿಂದ. ಇದನ್ನು ಸುತ್ತಿಬಳಸಿ ಹೇಳುವ ಅಗತ್ಯ ನನಗಿಲ್ಲ.

ಹೋದ ಗಣೇಶನ ಹಬ್ಬ ಕಳೆದ ವಾರದಲ್ಲೇ ಅತ್ತೆಗೆ ಲಕ್ವ ಹೊಡೆಯಿತು. ಬಲಗೈ ಬಿದ್ದುಹೋಯಿತು, ಮಾತು ನಿಂತಿತು. ತರೀಕೆರೆಯಲ್ಲಿ ಮಾತಿನ ಚಿಕಿತ್ಸೆ ಕೊಡುವ ಶ್ರೀವಿದ್ಯಾ ಎಂಬ ಹುಡುಗಿಯ ಹತ್ತಿರ ಕರೆದುಕೊಂಡು ಹೋಗತೊಡಗಿದೆವು. ಅವಳು ಒಳ್ಳೆಯವಳು, ತಾಳ್ಮೆಯವಳು, ನನಗೆ ತದ್ವಿರುದ್ಧ.

"ಕಿವಿ ಚೆನ್ನಾಗಿದೆ ಮೇಡಂ, ಎಲ್ಲಾ ಅರ್ಥ ಆಗುತ್ತೆ. ಮಾತು ಒಳಗೇ ಇದೆ, ಬರೋ ದಾರಿ ಮರ್ತಿದೆ ಅಷ್ಟೆ. ಆದ್ರೆ ಬರೋದಿದ್ರೆ ಈ ಮೊದಲಿನ ತಿಂಗಳುಗಳಲ್ಲೇ ಬರ್ಬೇಕು. ಅವ್ರಿಗೇ ಮಾತಾಡ್ಬೇಕು ಅನ್ನಿಸ್ಬೇಕು" ಎಂದಳು.

ಅತ್ತೆಗೆ ಅನ್ನಿಸಲಿಲ್ಲ. ಶ್ರೀವಿದ್ಯಾ ಬೆಕ್ಕಿನ ಚಿತ್ರ ತೋರಿಸಿದರೆ ಗೋಡೆ ನೋಡುತ್ತಿದ್ದರು, ಬಾಳೆಹಣ್ಣಿನ ಚಿತ್ರ ತೋರಿಸಿದರೆ ಕಣ್ಣು ಮುಚ್ಚುತ್ತಿದ್ದರು. ಊರಿಗೆಲ್ಲ ಮಾತು ಹಂಚಿದವರಿಗೆ ಬೆಕ್ಕು ತೋರಿಸಿ 'ಇದೇನು' ಅಂದರೆ ಇನ್ನೇನು ಮಾಡುತ್ತಾರೆ. ಮನೆಯಲ್ಲಿ ನಾನು ದಿನಾ ಅವರ ಕುರ್ಚಿಯ ಪಕ್ಕ ಕೂತು, "ಮಾತಾಡಿ ಅತ್ತೆ, ಒಂದೇ ಒಂದು ಮಾತು" ಎಂದು ಗೋಗರೆಯುತ್ತಿದ್ದೆ. ಅವರು ನನ್ನ ಕೈ ಸವರುತ್ತಿದ್ದರು, ಅಷ್ಟೆ. ತಿಂಗಳುಗಳು ಜಾರುತ್ತಿದ್ದವು. ಅವರ ದನಿ ಹೇಗಿತ್ತು ಎಂಬುದೇ ಮರೆತುಹೋದರೆ ಎಂದು ನನಗೆ ಭಯವಾಗತೊಡಗಿತು.

ಅತ್ತೆ ಹೇಗಿದ್ದಾರೆಂದು ನನಗೆ ಫೋನ್ ಮಾಡಿದವರೆಲ್ಲ ಹೇಳುತ್ತಿದ್ದದ್ದು ಒಂದೇ ಬಗೆಯ ಮಾತು. ನಿಮ್ಮತ್ತೆ ಅವತ್ತು ಲೈನು ಕೊಡಿಸಿರದಿದ್ದರೆ ನಮ್ಮಪ್ಪ ಉಳಿಯುತ್ತಿರಲಿಲ್ಲ. ನಿಮ್ಮತ್ತೆ ಅವತ್ತು ತರೀಕೆರೆಯ ಆಪರೇಟರ್ ಹತ್ತಿರ ಜಗಳ ಆಡಿರದಿದ್ದರೆ ಕೆಮ್ಮಣ್ಣುಗುಂಡಿಯಲ್ಲಿ ಕೆಲಸಕ್ಕಿದ್ದ ನಮ್ಮಣ್ಣನಿಗೆ ಸುದ್ದಿಯೇ ಮುಟ್ಟುತ್ತಿರಲಿಲ್ಲ. ಹೀಗೆ. ಇದನ್ನೆಲ್ಲ ಒಂದು ಪುಸ್ತಕ ಮಾಡಿ ಟ್ಯಾಬಿನಲ್ಲಿ ಹಾಕಿ ಅತ್ತೆಯ ತೊಡೆಯ ಮೇಲಿಡೋಣ ಎಂದು ನನಗೆ ಹೊಳೆಯಿತು. ಒಬ್ಬೊಬ್ಬರಿಗೆ ಒಂದೊಂದು ಪುಟ. ಮೇಲೆ ಫೋಟೊ, ಕೆಳಗೆ ಹೆಸರು, ಅದರ ಕೆಳಗೆ ಅವರು ಬರೆದುಕೊಟ್ಟ ನಾಲ್ಕು ಸಾಲು. ಹೆಸರನ್ನು ಬೆರಳಿಂದ ಒತ್ತಿದರೆ ಅವರದೇ ದನಿಯಲ್ಲಿ ಒಂದು ಮಾತು ಕೇಳಬೇಕು. ನನ್ನ ಗಂಡ ಪ್ರಸನ್ನಕುಮಾರ್ ಫೋಟೊ ಮತ್ತು ದನಿ ಒಟ್ಟುಮಾಡುವುದಕ್ಕೆ ನಿಂತರು. ಅತ್ತೆಯ ತಮ್ಮ, ಅಜ್ಜಂಪುರದಲ್ಲಿ ಈರುಳ್ಳಿ ಮಂಡಿ ಇಟ್ಟಿರುವ ತೀರ್ಥಪ್ಪ ಮಾವ, ಜನರನ್ನು ಹುಡುಕಿಕೊಟ್ಟರು. ಪುಟ ಕಟ್ಟುವ ಕೆಲಸ ನನ್ನದು.

ಥೀಸಿಸ್ ಬರೆದ ಕಾಲದಿಂದ ಕಂಪ್ಯೂಟರಿನಲ್ಲಿ ಪುಟ ಕಟ್ಟಲು ನನಗೆ ಬರುವುದು ಲೇಟೆಕ್ ಎಂಬ ಸಾಫ್ಟ್‌ವೇರ್ ಒಂದೇ. ಅದನ್ನು ಕಂಡಿರದವರಿಗೆ ಹೇಳಬೇಕೆಂದರೆ, ಬೇರೆ ಕಡೆ ಪುಟ ಕಣ್ಣೆದುರಿಗೇ ಇರುತ್ತದೆ, ಎಳೆದು ಸರಿಸಬಹುದು. ಲೇಟೆಕ್ ಹಾಗಲ್ಲ, ಮದುವೆ ಅಡುಗೆಯವರಿಗೆ ಚೀಟಿ ಬರೆದುಕೊಟ್ಟ ಹಾಗೆ. ಪಾಯಸ ಎಷ್ಟು, ಪಲ್ಯ ಎಷ್ಟು, ಉಪ್ಪು ಎಲೆಯ ಯಾವ ಮೂಲೆಗೆ, ಎಲ್ಲ ಮೊದಲೇ ಬರೆದು ಕೊಡಬೇಕು. ಅದು ಒಳಗೆ ಹೋಗಿ ಪುಟ ಕಟ್ಟಿ ತಂದು ಮುಂದಿಡುತ್ತದೆ. ನಾವು ಬರೆಯದೆ ಬಿಟ್ಟದ್ದನ್ನು ತನಗೆ ತೋಚಿದ ಹಾಗೆ ಬಡಿಸುತ್ತದೆ.

ಲಿಂಕಿನ ವಿಷಯದಲ್ಲಿ ಅದಕ್ಕೆ ತೋಚುವುದು ಕೆಂಪು ಚೌಕ. ಒತ್ತುವ ಹೆಸರುಗಳ ಸುತ್ತೆಲ್ಲ ಕೆಂಪು ಗೆರೆ ಕಟ್ಟಿ ತಂದಿಟ್ಟಿತು. ಪರೀಕ್ಷೆ ಪೇಪರ್ ತಿದ್ದಿ ತಿದ್ದಿ ಬೇಸತ್ತ ಕಣ್ಣಿಗೆ ಪುಸ್ತಕದವರೆಲ್ಲ ಫೇಲಾದ ಹಾಗೆ ಕಂಡರು. ಗೆರೆಯ ಬಣ್ಣ ಬದಲಾಯಿಸುವುದಕ್ಕೆ ಒಂದು ಸಾಲು ಬರೆದರೆ ಸಾಕು. ನಮ್ಮ ಗೈಡ್ ಯಾವಾಗಲೂ ಕಪ್ಪು ಮರ್ಯಾದಸ್ಥ ಬಣ್ಣ ಅನ್ನುತ್ತಿದ್ದರು. ಕಪ್ಪು ಎಂದು ಬರೆದೆ. ಗೆರೆ ತೆಳ್ಳಗೆ, ಅಚ್ಚುಕಟ್ಟಾಗಿ ಬಂತು. ನನ್ನ ಬೆನ್ನು ನಾನೇ ತಟ್ಟಿಕೊಂಡು, ಮೊದಲು ಸಿದ್ಧವಾದ ಈರಭದ್ರಪ್ಪನವರ ಪುಟವನ್ನು ತೀರ್ಥಪ್ಪ ಮಾವನಿಗೆ ವಾಟ್ಸಾಪಿನಲ್ಲಿ ಕಳಿಸಿದೆ. ಮಾವ ಕನ್ನಡಕ ಹುಡುಕುವ ಮೊದಲೇ ಅದನ್ನು ಬುಕ್ಕಾಂಬುಧಿ ಗೆಳೆಯರ ಗ್ರೂಪಿಗೆ ತಳ್ಳಿದರು.

ಆಮೇಲೆ ನಾನೂ ಆ ಪುಟವನ್ನು ಓದುಗರ ಕಣ್ಣಿನಿಂದ ನೋಡಿದೆ. ಮೇಲೆ ಈರಭದ್ರಪ್ಪನವರು ವಿಭೂತಿ ಧರಿಸಿ, ಹೊಸ ಅಂಗಿ ತೊಟ್ಟು, ನೆಟ್ಟಗೆ ನೋಡುತ್ತಿರುವ ಫೋಟೊ. ಕೆಳಗೆ ಕಪ್ಪು ಚೌಕಟ್ಟಿನೊಳಗೆ ಹೆಸರು. ಅದರ ಕೆಳಗೆ ಮೊದಲ ಸಾಲು, 'ನಿಮ್ಮ ಉಪಕಾರವನ್ನು ಎಂದೂ ಮರೆಯಲಾರೆವು.' ಪೇಪರಿನ ಕೊನೆಯ ಪುಟದಲ್ಲಿ ದಿನಾ ನೋಡುವುದೂ ಇದನ್ನೇ ಅಲ್ಲವೇ. ಗ್ರೂಪಿನಲ್ಲಿ ಒಬ್ಬರು 'ಓಂ ಶಾಂತಿ' ಅಂದರು. ಇನ್ನೊಬ್ಬರು 'ಲಿಂಗೈಕ್ಯರಾದ ಸುದ್ದಿ ಕೇಳಿ ಆಘಾತವಾಯಿತು' ಅಂದರು. ಮೂರನೆಯವರು ಮಣ್ಣು ಎಷ್ಟು ಗಂಟೆಗೆ ಎಂದು ಕೇಳಿದರು. ಬೀಗರು ಯಾರನ್ನೂ ಏನೂ ಕೇಳದೆ ಬಸ್ಸು ಹತ್ತಿದರು.

"ಏನಮ್ಮ ತಾಯಿ, ಬದುಕಿರೋರ್ನ ಕರಿ ಚೌಕಟ್ಟಿಗೆ ಹಾಕ್ಬಿಟ್ಟಿದೀಯಲ್ಲ. ನನ್ ಪುಟಾನೂ ಹಂಗೇ ಮಾಡಿದೀಯಾ?" ಎಂದು ಮಾವ ಫೋನಿನಲ್ಲಿ ಕೇಳಿದರು.

"ನಿಮ್ದು ಇನ್ನೂ ಮಾಡಿಲ್ಲ ಮಾವ."

"ಮಾಡ್ಬ್ಯಾಡ. ನಿಮ್ಮತ್ತೆಗೆ ಅದನ್ನ ತೋರ್ಸೀಯ ಮತ್ತೆ. ಇಡೀ ಊರೇ ಹೋಯ್ತು ಅನ್ಕಂಡು ಆವಮ್ಮ ಇರೋ ಜೀವಾನೂ ಬಿಟ್ಟಾಳು."

ಚೌಕವನ್ನೇ ಕಿತ್ತುಹಾಕಿದೆ. ಹೆಸರನ್ನು ಬರೀ ನೀಲಿ ಅಕ್ಷರದಲ್ಲಿ ಬರೆಸಿದೆ. ಫೋಟೊದ ಕೆಳಗಿದ್ದರೆ ಮತ್ತೆ ಯಾರಾದರೂ ಹಾರ ತಂದಾರು ಎಂದು ಅದನ್ನು ಬರಹದ ಕೊನೆಗೆ, ಸಾಲಿನೊಳಕ್ಕೇ ಸೇರಿಸಿದೆ. ಪುಸ್ತಕ ಪೂರ್ತಿಯಾಯಿತು. ನೋಡಲು ನಿಜವಾಗಿಯೂ ಚೆನ್ನಾಗಿತ್ತು. ಒಂದು ಮಧ್ಯಾಹ್ನ ಊಟವಾದ ಮೇಲೆ ಗಂಡ ಹೆಂಡತಿ ಇಬ್ಬರೂ ಎದುರಿಗೆ ಕೂತು ಟ್ಯಾಬನ್ನು ಅತ್ತೆಯ ತೊಡೆಯ ಮೇಲಿಟ್ಟೆವು.

ಅತ್ತೆ ಮೊದಲ ಫೋಟೊ ನೋಡಿದರು. ಎರಡನೆಯದನ್ನು ನೋಡಿದರು. ಬಸ್ಸಿನಲ್ಲಿ ಎದುರು ಸೀಟಿನವರನ್ನು ನೋಡುವ ಹಾಗೆ ನೋಡಿದರು, ಅಷ್ಟೆ. ನಾನು ಹೆಸರು ತೋರಿಸಿ ಒತ್ತಲು ಹೇಳಿದೆ. ಅವರ ಎಡಗೈ ನಡುಗುತ್ತಾ ಬಂದು ಒಂದು ಸಾಲು ಮೇಲೆ ಒತ್ತಿತು. ಇನ್ನೊಮ್ಮೆ ಒಂದು ಸಾಲು ಕೆಳಗೆ ಒತ್ತಿತು. ಲಿಂಕ್ ಇದ್ದದ್ದು ಸಣ್ಣ ಅಕ್ಷರಗಳಷ್ಟು ಅಗಲ ಮಾತ್ರ, ಅದೂ ಪುಟದ ಬಲಗಡೆ. ನಾಲ್ಕನೇ ಸಲ ಬೆರಳು ತಪ್ಪಿದಾಗ ಅವರು ಟ್ಯಾಬನ್ನು ಮೆಲ್ಲಗೆ ಪಕ್ಕಕ್ಕೆ ಸರಿಸಿ ಗೋಡೆಯ ಕಡೆ ತಿರುಗಿದರು.

"ಇರ್ಲಿ ಬಿಡೇ, ನಾಳೆ ನೋಡ್ತಾರೆ" ಎಂದರು ನನ್ನ ಗಂಡ.

ನಾನು ಅಡುಗೆಮನೆಗೆ ಹೋಗಿ ಪಾತ್ರೆಗಳನ್ನು ಬೇಕಾದ್ದಕ್ಕಿಂತ ಜೋರಾಗಿ ತೊಳೆದೆ. ಸಿಟ್ಟು ಅತ್ತೆಯ ಮೇಲಲ್ಲ, ಆ ನೀಲಿ ಅಕ್ಷರದ ಮೇಲೂ ಅಲ್ಲ. ಇಷ್ಟು ಕೊಟ್ಟವರಿಗೆ ಒಂದನ್ನಾದರೂ ಅವರ ಕೈಗೆ ಎಟುಕುವ ಹಾಗೆ ಕೊಡಲು ನನಗೆ ಬರಲಿಲ್ಲವಲ್ಲ ಎಂದು. ಅತ್ತೆ ಕೇಳಿಸಿಕೊಂಡಿರಬೇಕು. ಅವರ ಕಿವಿಯಿಂದ ಏನೂ ತಪ್ಪುವುದಿಲ್ಲ.

ಅದಾಗಿ ಎರಡು ದಿನಕ್ಕೆ ಈರಭದ್ರಪ್ಪನವರೇ ಫೋನ್ ಮಾಡಿದರು. ನನ್ನ ಎರಡು ಕೈಯಲ್ಲೂ ರೊಟ್ಟಿ ಹಿಟ್ಟು, ಅತ್ತೆ ಅಡುಗೆಮನೆಯ ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು ಕೂತಿದ್ದರು. ಮೊಣಕೈಯಿಂದ ಫೋನನ್ನು ಸ್ಪೀಕರಿಗೆ ಹಾಕಿದೆ.

"ಏನಮ್ಮ, ನಾನು ಸತ್ತೋನು ಮಾತಾಡ್ತಾ ಇದೀನಿ" ಎಂದರು ಅವರು. "ಹಾರ ಒಣಗೋಯ್ತು, ಇನ್ನೊಂದು ಕಳಿಸ್ತಿಯೋ ಹೆಂಗೆ?"

ನಾನು ಕ್ಷಮೆ ಕೇಳುತ್ತಾ ಅತ್ತೆಯ ಕಡೆ ನೋಡಿದೆ. ಅತ್ತೆ ನೆಟ್ಟಗೆ ಕೂತಿದ್ದರು. ಎಡಗೈ ಮೇಲೆದ್ದು, ಕುರ್ಚಿಯ ಕೈಯ ಕೆಳಗಿಳಿದು, ಅಲ್ಲಿಂದ ಏನನ್ನೋ ಎಳೆದು, ಎದುರಿನ ಗಾಳಿಯಲ್ಲಿ ಒಂದು ಜಾಗಕ್ಕೆ ಚುಚ್ಚಿತು. ತುಟಿ ಎರಡು ಸಲ ಅಲುಗಿತು.

"ಮೂವತ್ತೊಂಬತ್ತು" ಎಂದರು ಅತ್ತೆ.

ದನಿ ಒರಟಾಗಿತ್ತು, ಅಕ್ಷರಗಳು ಒಂದಕ್ಕೊಂದು ತಾಗಿಕೊಂಡಿದ್ದವು. ಆದರೆ ಅದು ಅವರ ದನಿಯೇ.

"ಅಮ್ಮಾ, ಅದು ನಮ್ಮನೆ ಹಳೇ ನಂಬ್ರು ಕಣಮ್ಮ" ಎಂದರು ಈರಭದ್ರಪ್ಪ. ಅವರ ತಮಾಷೆಯೆಲ್ಲ ಇಳಿದುಹೋಗಿತ್ತು. "ಕರಿಬಸಮ್ಮಾರಾ ಹೇಳಿದ್ದು? ಇನ್ನೂ ನೆನಪೈತಾ ಅವ್ರಿಗೆ?"

ನಾನು ಹಿಟ್ಟಿನ ಕೈಯಲ್ಲೇ ಅತ್ತೆಯನ್ನು ತಬ್ಬಿಕೊಂಡೆ. ಅವರ ಸೀರೆಯೆಲ್ಲ ಹಿಟ್ಟಾಯಿತು. ಅವರು ಬೈಯಲಿಲ್ಲ, ಬೈದಿದ್ದರೆ ಇನ್ನೂ ಖುಷಿಯಾಗುತ್ತಿತ್ತು.

ತೀರ್ಥಪ್ಪ ಮಾವ ಮಾರನೆಯ ದಿನ ರೈಲು ಹತ್ತಿ ಕಡೂರಿಗೇ ಬಂದರು. ಚಿಕ್ಕವರಿದ್ದಾಗ ದಿನಾ ಎಕ್ಸ್‌ಚೇಂಜಿನೊಳಗೆ ಅಕ್ಕನಿಗೆ ಊಟದ ಕ್ಯಾರಿಯರ್ ಒಯ್ಯುತ್ತಿದ್ದವರು ಅವರು. ನನ್ನ ಪುಸ್ತಕವನ್ನು ಕನ್ನಡಕ ಹಾಕಿಕೊಂಡೇ ನೋಡಿ ನಕ್ಕರು.

"ಫೋಟೊ ಯಾಕ್ ಹಾಕ್ದೆ ದೀಪ? ಇವ್ರಲ್ಲಿ ಒಬ್ರ ಮುಖಾನೂ ನಮ್ಮಕ್ಕ ನೋಡಿಲ್ಲ ಕಣಮ್ಮ. ಒಂದ್ ಕೋಣೇಲಿ ಕೂತ್ಕಂಡು ಬರೀ ದನಿ ಕೇಳ್ದೋಳು. ಹೆಸ್ರೂ ಎಲ್ಲಾರ್ದೂ ಗೊತ್ತಿಲ್ಲ. ಅವಳಿಗೆ ಊರು ಅಂದ್ರೆ ನಂಬ್ರು, ನಂಬ್ರು ಅಂದ್ರೆ ದನಿ."

ಆಮೇಲೆ ಬೋರ್ಡು ಹೇಗಿತ್ತು ಎಂದು ಗಾಳಿಯಲ್ಲಿ ಬೆರಳಾಡಿಸಿ ತೋರಿಸಿದರು. ಐವತ್ತು ತೂತು, ಹತ್ತರ ಹಾಗೆ ಸಾಲು. ಒಂದೊಂದರ ಮೇಲೂ ನಂಬರು. ವೈರುಗಳೆಲ್ಲ ಕೆಳಗಡೆ, ಮೇಜಿನ ಅಂಚಿನಲ್ಲಿ. ಅಕ್ಕ ಬಲಗೈಯಲ್ಲಿ ಪೆನ್ಸಿಲ್ ಹಿಡಿದು ಟ್ರಂಕ್ ಕಾಲಿನ ಚೀಟಿ ಬರೆಯುತ್ತಾ, ವೈರು ಸಿಕ್ಕಿಸುತ್ತಿದ್ದದ್ದು ಎಡಗೈಯಲ್ಲಿ.

ಎಡಗೈಯಲ್ಲಿ ಎಂಬ ಮಾತು ಕೇಳಿದ ಮೇಲೆ ನಾನು ಕೂರಲಿಲ್ಲ. ಲಕ್ವ ಮುಟ್ಟದೆ ಬಿಟ್ಟುಹೋದ ಕೈಗೆ ಕೆಲಸ ಮೊದಲೇ ಗೊತ್ತಿತ್ತು. ಆ ಕೈ ಹೋಗುವ ಜಾಗದಲ್ಲಿ ನಾನು ಲಿಂಕ್ ಇಟ್ಟಿರಲಿಲ್ಲ, ಅಷ್ಟೆ.

ಪುಸ್ತಕವನ್ನು ಒಡೆದೆ. ಫೋಟೊ ತೆಗೆದೆ, ಬರಹ ತೆಗೆದೆ. ಉಳಿದದ್ದು ಒಂದೇ ಪುಟ, ಅದೇ ಬೋರ್ಡು. ಹೆಸರಿನ ಬದಲು ನಂಬರನ್ನೇ ಲಿಂಕ್ ಮಾಡಿದೆ. ಲೇಟೆಕ್‌ಗೆ ನೀವು ಅಂಕಿಯನ್ನು ಲಿಂಕ್ ಮಾಡು ಅಂದರೆ ಅಂಕಿಯಷ್ಟೇ ಅಗಲ ಲಿಂಕ್ ಮಾಡುತ್ತದೆ, ಒಂದು ಎಳ್ಳು ಕಾಳಿನಷ್ಟೂ ಜಾಸ್ತಿ ಕೊಡುವುದಿಲ್ಲ. ಆದ್ದರಿಂದ ಮೊದಲು ಅಂಕಿಯ ಸುತ್ತ ಹೆಬ್ಬೆರಳು ಹಿಡಿಸುವಷ್ಟು ಖಾಲಿ ಜಾಗ ಬಿಟ್ಟು, ಆ ಇಡೀ ಜಾಗವನ್ನೇ ಲಿಂಕ್ ಅಂದುಕೋ ಎಂದು ಬರೆದೆ. ನಡುಗುವ ಬೆರಳು ಪಕ್ಕದ ಮನೆಗೆ ಹೋಗದಿರಲಿ ಎಂದು ಒಂದೊಂದರ ನಡುವೆ ದಾರಿ ಬಿಟ್ಟೆ. ಸಾಲುಗಳನ್ನೆಲ್ಲ ಪುಟದ ಕೆಳಕ್ಕೆ, ಎಡಕ್ಕೆ ಎಳೆದೆ. ಮೇಲುಭಾಗ ಬೋಳಾಗಿ ಕಂಡಿತು. ಪುಟದ ಅಂದ ಕೆಟ್ಟಿತು ಎಂದು ನನ್ನ ಗಂಡ ಮೆಲ್ಲಗೆ ಹೇಳಿ ನೋಡಿದರು.

"ಅಂದ ನಿಮ್ಗೋ, ಅತ್ತೆಗೋ?" ಎಂದೆ. ಅವರು ಪೇಪರ್ ಓದಲು ಹೋದರು.

ಚೌಕ ಮಾತ್ರ ಬೇಕೇ ಬೇಕಾಗಿತ್ತು. ಗೆರೆ ಇಲ್ಲದಿದ್ದರೆ ಎಲ್ಲಿ ಒತ್ತಬೇಕು ಎಂದು ತಿಳಿಯುವುದಿಲ್ಲ. ಕಪ್ಪಿನ ಮಾತೆತ್ತುವ ಹಾಗಿಲ್ಲ, ಕೆಂಪು ನನಗಾಗದು.

"ಅರಿಶಿನ ಹಚ್ಚು" ಎಂದರು ತೀರ್ಥಪ್ಪ ಮಾವ. "ಲಗ್ನಪತ್ರಿಕೆ ಮೂಲೆಗೆ ಹಚ್ಚಲ್ವಾ, ಹಂಗೆ. ಅರಿಶಿನ ಕಂಡ ಮನೆಗೆ ಯಾರೂ ಅಳ್ತಾ ಬರಲ್ಲ."

ಲೇಟೆಕ್‌ಗೆ ಹಳದಿ ಗೊತ್ತು, ಅರಿಶಿನ ಗೊತ್ತಿಲ್ಲ. ಅದರ ಹಳದಿ ನಿಂಬೆಹಣ್ಣಿನ ಹಾಗೆ ಹುಳ್ಳಗಿತ್ತು. ಬಣ್ಣವನ್ನು ಕೆಂಪು, ಹಸಿರು, ನೀಲಿಯ ಅಂಕಿಗಳಲ್ಲಿ ನಾವೇ ಬೆರೆಸಿ ಕೊಡಬಹುದು. ಅರಿಶಿನದ ಡಬ್ಬಿ ತಂದು ಲ್ಯಾಪ್‌ಟಾಪಿನ ಪಕ್ಕ ಇಟ್ಟುಕೊಂಡು, ಒಂದು ಚಿಟಿಕೆಯನ್ನು ಬಿಳಿ ಹಾಳೆಯ ಮೇಲೆ ಉಜ್ಜಿ, ಅದಕ್ಕೂ ಪರದೆಗೂ ಹೊಂದುವವರೆಗೆ ಕೆಂಪು ಹಸಿರುಗಳನ್ನು ಹೆಚ್ಚು ಕಮ್ಮಿ ಮಾಡಿದೆ. ಕೀಬೋರ್ಡಿನ ಎರಡು ಗುಂಡಿ ಇವತ್ತಿಗೂ ಹಳದಿಯಾಗಿವೆ. ಬಂದ ಬಣ್ಣಕ್ಕೆ ಅರಿಶಿನ ಎಂದೇ ಹೆಸರಿಟ್ಟೆ.

ನಂಬರುಗಳನ್ನು ಹುಡುಕುವುದು ಕಷ್ಟವಾಗಲಿಲ್ಲ. ಆಗಿನ ಮನೆಗಳವರು ತಮ್ಮ ಎರಡಂಕಿ ನಂಬರನ್ನು ಜನ್ಮನಕ್ಷತ್ರದ ಹಾಗೆ ನೆನಪಿಟ್ಟುಕೊಂಡಿದ್ದಾರೆ. ತೀರಿಕೊಂಡವರ ಪರವಾಗಿ ಮಕ್ಕಳು ಮಾತಾಡಿದರು. ಅಮೃತಾಪುರದಲ್ಲಿ ಮಗಳ ಮನೆಯಲ್ಲಿರುವ ಕೆಂಚಮ್ಮ ಎಂಬಾಕೆಗೆ ಆಗ ಫೋನೇ ಇರಲಿಲ್ಲ. ಅಜ್ಜಂಪುರದ ಕಿರಾಣಿ ಅಂಗಡಿಗೆ ಬಂದ ಫೋನಿನಲ್ಲಿ, ಶಿವಮೊಗ್ಗದ ಆಸ್ಪತ್ರೆಯಲ್ಲಿ ಮಗಳಿಗೆ ಸುಸೂತ್ರವಾಗಿ ಹೆರಿಗೆಯಾಯಿತು ಎಂಬ ಸುದ್ದಿ ತಿಳಿದವರು. ಆಕೆಯ ದನಿಯನ್ನು ಅಂಗಡಿಯ ನಂಬರಿಗೇ ಸೇರಿಸಿದೆ. ಯಾರದೆಂದು ಗೊತ್ತಾಗದ ನಂಬರುಗಳ ಚೌಕಗಳನ್ನೂ ಬರೆದೆ, ಬೋರ್ಡಿನಲ್ಲಿ ಇದ್ದವಲ್ಲ. ಕೊನೆಯದು, ಐವತ್ತು, ಯಾರದೂ ಅಲ್ಲ ಎಂದರು ಮಾವ. ಲೈನು ಸರಿಯಿದೆಯೋ ಇಲ್ಲವೋ ನೋಡಲು ಆಪರೇಟರ್ ತಾನೇ ಇಟ್ಟುಕೊಂಡದ್ದಂತೆ. ಅದಕ್ಕೆ ಅಂಕಿ ಹಾಕಿ ಲಿಂಕ್ ಇಲ್ಲದೆ ಬಿಟ್ಟೆ.

ಸಂಕ್ರಾಂತಿಯ ದಿನ ಎಳ್ಳು ಬೀರಲು ಬಂದವರೆಲ್ಲ ಹೋದ ಮೇಲೆ, ಬಿಸಿಲು ಇನ್ನೂ ಹಜಾರದಲ್ಲಿರುವಾಗ, ಟ್ಯಾಬನ್ನು ಅತ್ತೆಯ ಎಡತೊಡೆಗೆ ಒರಗಿಸಿ ಇಟ್ಟೆ. ಮಾವ ಕೂಡ ಬಂದಿದ್ದರು. ಈ ಸಲ ನಾನು ಬಾಯಿ ಬಿಗಿಹಿಡಿದುಕೊಂಡು ನಿಂತೆ, ಏನನ್ನೂ ತೋರಿಸಲಿಲ್ಲ.

ಅತ್ತೆ ಬಹಳ ಹೊತ್ತು ನೋಡಿದರು. ಸಾಲು ಸಾಲು ಅರಿಶಿನದ ಚೌಕ, ಒಳಗೆ ದಪ್ಪ ಅಂಕಿ. ಅವರ ಮುಖದ ಎಡಭಾಗ ಮೆಲ್ಲಗೆ ಸಡಿಲವಾಯಿತು. ಕೈ ತಾನಾಗಿಯೇ ಕೆಳಗಿಳಿದು, ಅಲ್ಲಿಂದ ಮೇಲೆದ್ದು, ತಡವರಿಸದೆ ಮೂವತ್ತೊಂಬತ್ತರ ಮೇಲೆ ಕೂತಿತು.

"ಹಲೋ, ಎಕ್ಸ್‌ಚೇಂಜಾ?" ಎಂದಿತು ಈರಭದ್ರಪ್ಪನವರ ದನಿ. "ನನ್ ಮದ್ವೆ ದಿಬ್ಬಣದ ಬಸ್ಸು ಹೊರಟಾಗ ಕೆರೆ ಕೋಡಿ ಬಿದ್ದು ರಸ್ತೆ ಮೇಲೆ ನೀರು ಬಂದಿತ್ತು. ನೀವು ದಾರಿ ಹೋಟ್ಲಿಗೆ ಫೋನ್ ಹಾಕಿ ಬಸ್ ನಿಲ್ಸಿದ್ರಿ, ಎಲ್ರೂ ಉಳ್ಕಂಡ್ವಿ. ಅದ್ರಿಂದ ನನ್ ಮದ್ವೇನೂ ಆಗೋಯ್ತು, ಅದಕ್ ನಿಮ್ಮನ್ನ ಏನನ್ಬೇಕೋ ಗೊತ್ತಿಲ್ಲ. ದೇವ್ರು ನಿಮ್ಮನ್ನ ಚೆನ್ನಾಗಿಟ್ಟಿರ್ಲಿ ತಾಯಿ."

ಅತ್ತೆ ನಕ್ಕರು. ಬಾಯಿ ಒಂದು ಕಡೆ ಮಾತ್ರ ನಕ್ಕಿತು, ಸಾಕಾಯಿತು. ಆಮೇಲೆ ಅವರನ್ನು ತಡೆಯುವವರಿಲ್ಲ. ಒತ್ತುವ ಮೊದಲು ನಂಬರು ಹೇಳುತ್ತಿದ್ದರು. "ಹನ್ನೆರಡು." "ಇಪ್ಪತ್ತೇ... ಇಪ್ಪತ್ತೇಳು." ಕೆಲವು ಅಂಕಿ ನಾಲಿಗೆಯಲ್ಲೇ ಮುರಿಯುತ್ತಿದ್ದವು, ಬಿಡದೆ ಮತ್ತೆ ಹೇಳುತ್ತಿದ್ದರು. ಕೆಂಚಮ್ಮನ ದನಿ ಬಂದಾಗ ಕಣ್ಣು ಒರೆಸಿಕೊಂಡರು. ತಾವು ಮುಖವನ್ನೇ ನೋಡದ ಜನ ಒಬ್ಬೊಬ್ಬರಾಗಿ ಬಂದು ಹಜಾರದಲ್ಲಿ ಮಾತಾಡಿ ಹೋಗುತ್ತಿದ್ದರು. ತೀರ್ಥಪ್ಪ ಮಾವ ಟವಲ್ಲು ಮುಖಕ್ಕೆ ಹಿಡಿದು ಕೆಮ್ಮುವ ನೆಪ ಮಾಡಿದರು.

ಕೊನೆಗೆ ಅತ್ತೆ ಐವತ್ತನ್ನು ಒತ್ತಿದರು. ಏನೂ ಆಗಲಿಲ್ಲ. ಮತ್ತೆ ಒತ್ತಿದರು. ತಲೆಯೆತ್ತಿ ನನ್ನನ್ನು ನೋಡಿದರು.

"ನೀನು?" ಎಂದರು.

ನಾನು ಗಾಬರಿಯಾಗಿ ಲೆಕ್ಕ ಹೇಳಿದೆ. "ನಾನು ಬರೋ ಹೊತ್ಗೆ ಎಕ್ಸ್‌ಚೇಂಜಿಗೆ ಮಿಷನ್ ಬಂದಿತ್ತಲ್ಲ ಅತ್ತೆ. ನನ್ಗೆ ನಂಬ್ರೇ ಇಲ್ಲ."

ಅತ್ತೆ ಆ ಲೆಕ್ಕ ಒಪ್ಪಲಿಲ್ಲ. ನನ್ನ ತೋರುಬೆರಳನ್ನು ಎಡಗೈಯಲ್ಲಿ ಹಿಡಿದು ಎಳೆದು ಐವತ್ತರ ಮೇಲಿಟ್ಟರು. ಅವರು ತಮಗಾಗಿ ಇಟ್ಟುಕೊಂಡಿದ್ದ ತೂತು ಅದು.

"ಇಲ್ಲಿ" ಎಂದರು. "ನೀನು."

ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡೆ. ಅದೇ ಕೋಣೆ, ಅವರು ಮಗು ಹಿಡಿದುಕೊಂಡು ನನ್ನನ್ನು ತಳ್ಳಿದ್ದ ಕೋಣೆ. ಐವತ್ತಕ್ಕೆ ಲಿಂಕ್ ಹಾಕುವ ಸಾಲು ಬರೆಯಲು ಒಂದು ನಿಮಿಷ ಬೇಕಾಗಲಿಲ್ಲ. ದನಿ ತುಂಬಲು ಫೋನು ಬಾಯ ಹತ್ತಿರ ಹಿಡಿದರೆ, ಜೀವಮಾನದಲ್ಲಿ ಮೊದಲ ಸಲ ನನಗೆ ಮಾತು ಸಿಗಲಿಲ್ಲ. ಹೇಳಬೇಕಾದದ್ದು ಇಷ್ಟಿತ್ತು, ಯಾವುದೂ ಮೊದಲು ಬರಲಿಲ್ಲ. "ಅತ್ತೆ, ನಾನು ದೀಪ" ಎಂದೆ. ಆಮೇಲೆ ಫೋನನ್ನು ಹಾಗೇ ಬಾಯ ಹತ್ತಿರ ಇಟ್ಟುಕೊಂಡು ಕೂತೆ. ಅದು ಅಷ್ಟನ್ನೇ ಹಿಡಿದುಕೊಂಡಿತು, ಹಿಂದೆ ನಮ್ಮ ಬೀದಿಯ ತರಕಾರಿ ಗಾಡಿಯವನ ಕೂಗು. ಬೇರೆ ಹೇಳಲು ಆಗುವುದಿಲ್ಲ ಎಂದು ಗೊತ್ತಾದ್ದರಿಂದ ಅದನ್ನೇ ಹಾಕಿ ಪುಟ ಕಟ್ಟಿಸಿ ತಂದುಕೊಟ್ಟೆ.

ಅತ್ತೆ ಐವತ್ತನ್ನು ಒತ್ತಿದರು.

"ಅತ್ತೆ, ನಾನು ದೀಪ" ಎಂದಿತು ನನ್ನ ದನಿ. ಅಷ್ಟೆ. ಟ್ಯಾಬಿನಲ್ಲಿ ತರಕಾರಿಯವನು ದೂರವಾಗುತ್ತಾ ಹೋದ. ಅತ್ತೆ ತಲೆ ಸ್ವಲ್ಪ ವಾಲಿಸಿ, ಕಿವಿಗೊಟ್ಟು, ಆ ಕಡೆಯವರು ಮಾತಾಡುತ್ತಾರೆಂದು ಕಾದರು. ಲೈನಿನಲ್ಲಿ ಯಾರಾದರೂ ಹೀಗೆ ತಡವರಿಸಿದಾಗ ಆ ಕೋಣೆಯಲ್ಲಿ ಕೂತು ಎಷ್ಟು ಸಲ ಕಾದಿದ್ದರೋ.

ನನ್ನ ಕಡೆ ನೋಡಲಿಲ್ಲ. ಆ ಚೌಕದ ಮೇಲೆ ಬೆರಳು ಹಾಗೇ ಇತ್ತು.

"ಮಾತಾಡು" ಎಂದರು ಅತ್ತೆ, ನಿಧಾನವಾಗಿ, ಒಂದೊಂದೇ ಅಕ್ಷರ ಕೂಡಿಸಿ. "ಲೈನಲ್ಲಿದೀನಿ."

ನಾನು ಅವರ ಕಾಲ ಬಳಿ ನೆಲದ ಮೇಲೆ ಕೂತು, ಕತ್ತಲಾಗುವವರೆಗೆ ಮಾತಾಡಿದೆ.